ತಿರುಗದ ಚಾವಿ

ಪುಣೆಯ ಹಡಪಸರದ ನಮ್ಮ ಕಟ್ಟಡದಲ್ಲಿ ಕನ್ನಡದವರ ಮನೆಗಳು ಎರಡೇ: ನಮ್ಮದು ಮತ್ತು ಎದುರು ಬಾಗಿಲಿನ ಅಕ್ಕನದು. ನಮ್ಮ ಭಾಷೆಯವರಲ್ಲವೇ ಎಂದು ಊರಿಗೆ ಹೋಗುವಾಗೆಲ್ಲ ಚಾವಿಯನ್ನು ಅವರ ಕೈಗೇ ಕೊಡುತ್ತಿದ್ದೆ. ಒಳಗಿನ ಗ್ಯಾಲರಿಯ ತುಳಸಿಗೆ ನೀರು ಹಾಕಲು ಎಂಬುದು ನೆಪ. ನಿಜವಾಗಿ ಅದು ನನ್ನ ಗ್ಯಾಸಿನ ಚಿಂತೆಗೆ ಮಾಡಿಕೊಂಡ ಏರ್ಪಾಡು. ಸಿಲಿಂಡರ್ ಬಂದ್ ಮಾಡಿ, ಮುಟ್ಟಿ ನೋಡಿ ಬಂದರೂ ಬಸ್ಸು ಹತ್ತುವುದರೊಳಗೆ ನನಗೆ ಸಂಶಯ ಹುಟ್ಟುತ್ತದೆ.

ತೊಂಬತ್ತರ ದಶಕದ ಕೊನೆಗೊಮ್ಮೆ ಜೇಜುರಿಯ ಖಂಡೋಬನ ಗುಡಿಗೆ ಹೋದಾಗಲೂ ಹೀಗೇ ಆಯಿತು. ದೇವರಿಗೆ ಭಂಡಾರದ ಅರಿಶಿನ ಹಾರಿಸುವಾಗಲೂ ನನ್ನ ಕಣ್ಣಿಗೆ ಕಂಡದ್ದು ಒಲೆಯ ನೀಲಿ ಉರಿಯೇ. ಅಲ್ಲೇ ಉಳಿಯಬೇಕಿದ್ದವರು ಸಂಜೆಗೇ ಮರಳಿದೆವು. ಗ್ಯಾಸು ಬಂದ್ ಇತ್ತು. ನಮ್ಮ ಮಂಚದ ಮೇಲೆ ಅಕ್ಕನ ಮೈದುನ ಮಲಗಿದ್ದ, ನನ್ನ ಲುಂಗಿ ಉಟ್ಟುಕೊಂಡು. ಅವನ ಹೆಂಡತಿ ಕಪಾಟು ತೆರೆದು, ನನ್ನ ಹೆಂಡತಿಯ ಸೀರೆಯೊಂದನ್ನು ಹೆಗಲಿಗೆ ಹಿಡಿದು ಕನ್ನಡಿ ನೋಡುತ್ತಿದ್ದಳು.

“ನಾಳೆ ಬರ್ತೀವಿ ಅಂದಿದ್ರಲ್ಲ ತಮ್ಮಾ,” ಎಂದರು ಅಕ್ಕ, ತಪ್ಪು ನನ್ನದೆಂಬಂತೆ. “ಲಗ್ನಕ್ಕ ಬಂದಾರ. ನಮ್ಮನ್ಯಾಗ ಜಾಗಾ ಎಲ್ಲದ? ನಿಮ್ಮ ಮನಿ ಸುಮ್ನ ಖಾಲಿ ಬಿದ್ದಿತ್ತು.”

“ಇರ್ಲಿ ಬಿಡ್ರಿ ಅಕ್ಕಾರ,” ಎಂದೆ. ಜಗಳಕ್ಕೆ ಬೇಕಾದ ಮಾತು ನನಗೆ ಯಾವಾಗಲೂ ತಡವಾಗಿ ಹೊಳೆಯುತ್ತದೆ. ಲುಂಗಿ ನೆಲ ಒರೆಸಲು ಹೋಯಿತು.

ಆ ಸಲ ತಡವಾಗಿ ಹೊಳೆದದ್ದು ಮಾತಿಗಿಂತ ಚೆನ್ನಾಗಿತ್ತು. ಬಾಗಿಲ ಬೀಗ ಬದಲಿಸಿದೆ. ದೀಪಾವಳಿಗೆ ಹುಬ್ಬಳ್ಳಿಯ ಮಾವನ ಮನೆಗೆ ಹೊರಟಾಗ ಹಳೆಯ ಚಾವಿಯನ್ನೇ, ಎಂದಿನಂತೆ ನಗುತ್ತ, ಅಕ್ಕನ ಕೈಗಿಟ್ಟೆ.

ಹುಬ್ಬಳ್ಳಿಯ ಬೂತಿನಿಂದ ಅಕ್ಕನಿಗೆ ಫೋನು ಮಾಡಿದೆ.

“ಎಲ್ಲಾ ಆರಾಮ ಅದ. ಮುಂಜಾನೆ ಒಳಗ ಹೋಗಿ ತುಳಸಿಗೆ ನೀರ ಹಾಕಿ ಬಂದೇನಿ.”

ಅವರ ಹಿಂದೆ ಮಕ್ಕಳ ಅಳು, ಯಾರೋ ಬಚ್ಚಲಿನ ಬಾಗಿಲು ಬಡಿಯುವ ಸದ್ದು.

“ಮಂದಿ ಭಾಳ ಬಂದಾರೇನ್ರಿ?”

“ಹೂಂ. ಹೆಂಗೋ ಆಗ್ತದ.”

ಚಾವಿ ತಿರುಗಲಿಲ್ಲ ಎನ್ನಬೇಕಾದರೆ ಬೀಗ ಏಕೆ ಬದಲಾಯಿತೆಂಬ ಮಾತೂ ಬರುತ್ತದೆ. ಅದಕ್ಕಿಂತ ಸುಳ್ಳೇ ಅವರಿಗೆ ಸುಲಭವಾಗಿತ್ತು. ಅವರು ಸಿಕ್ಕಿಬಿದ್ದ ಸುಖವನ್ನು ಇನ್ನಷ್ಟು ಸವಿಯೋಣವೆಂದು ಕೇಳಿದೆ, “ಗ್ಯಾಸ ಬಂದ್ ಅದೇನ್ರಿ ಅಕ್ಕಾರ?”

“ಕೈಲೆ ಮುಟ್ಟಿ ನೋಡೇನಿ.”

ಹೊರಗೆ ಬಂದ ಮೇಲೆ ಹೊಳೆಯಿತು: ಗ್ಯಾಸನ್ನು ಯಾರೂ ನೋಡಿಲ್ಲ. ಉಳಿದ ರಜೆಯಲ್ಲಿ ಹೋಳಿಗೆ ಗಂಟಲಿಳಿಯಲಿಲ್ಲ. ಆದರೂ ಪಶ್ಚಾತ್ತಾಪವೆಂಬುದು ಹತ್ತಿರ ಸುಳಿಯಲಿಲ್ಲ. ಮನೆ ಸುಟ್ಟರೆ ಸುಡಲಿ, ಆ ಮೈದುನನಂತೂ ಒಳಗಿಲ್ಲ ಎಂದುಕೊಂಡೆ.

ಮನೆ ಸುಟ್ಟಿರಲಿಲ್ಲ. ತುಳಸಿ ಒಣಗಿ ಕಡ್ಡಿಯಾಗಿತ್ತು. ಚಾವಿ ಕೊಡಲು ಬಂದ ಅಕ್ಕ ಹೊಸ ಬೀಗದ ಕಡೆ ಕಣ್ಣು ಹೋಗದಂತೆ ಎಚ್ಚರವಹಿಸಿದರು. ನಾನು ಕುಂಡವನ್ನು ತಂದು ಅವರೆದುರಿಗೇ ಇಟ್ಟೆ.

“ಭಾಳ ಉಪಕಾರ ಆತ್ರಿ. ನೀವು ನೀರ ಹಾಕಿದ್ದು ಕಾಣ್ತದ.”

“ಬಿಸಲ ಭಾಳ ಇತ್ತು,” ಎಂದರು ಮೆಲ್ಲಗೆ.

“ಹೌದ್ರಿ. ಚಾವಿ ನಿಮ್ಮ ಹತ್ರನ ಇರ್ಲಿ ಅಕ್ಕಾರ. ನಾವು ಮತ್ತ ಹೋಗವ್ರ ಇದ್ದೇವಿ.”

ಬೇಡವೆನ್ನಲು ಕಾರಣ ಹೇಳಬೇಕಿತ್ತು. ಅವರು ಆ ಚಾವಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.