ಗೇಟ್ ಬಿದ್ದರೆ ಎಂಜಿನ್ ಆಫ್

"ಗೇಟಾಕಿದ್ರೆ ಏನಾಯ್ತದೆ?"

ಮಂಡ್ಯದ ಕಾರು ಶೋರೂಮಿನಲ್ಲಿ ನಮ್ಮ ಭಾವ ಕೇಳಿದ ಮೊದಲ ಪ್ರಶ್ನೆ ಇದು. ಎದುರಿಗಿದ್ದ ಸೇಲ್ಸ್ ಹುಡುಗಿ ಪಾಪ, ಮೈಲೇಜು, ಏರ್‌ಬ್ಯಾಗು, ಸನ್‌ರೂಫು ಎಲ್ಲಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಇದಕ್ಕೆ ಇರಲಿಲ್ಲ. "ಯಾವ ಗೇಟು ಸರ್?" ಅಂದಳು.

"ರೈಲ್ವೆ ಗೇಟು ಕಣಮ್ಮ. ಇನ್ಯಾವ ಗೇಟು?"

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಸನ್‌ರೂಫ್ ನೋಡಿದೆ.

ಈಗ ಎಲ್ಲಿ ನೋಡಿದರೂ ಹೈಬ್ರಿಡ್ ಕಾರಿನದೇ ಮಾತು. ಯಾಕೆ ತಗೊಂಡ್ರಿ ಅಂತ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಪಕ್ಕದ ಮನೆಯವರು 'ಪರಿಸರಕ್ಕೋಸ್ಕರ' ಅನ್ನುತ್ತಾರೆ. (ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಸಮೇತ ಕಸಕ್ಕೆ ಬೆಂಕಿ ಇಡುವವರೂ ಇವರೇ.) ಮಳವಳ್ಳಿಯಿಂದ ದಿನಾ ಓಡಾಡುವ ನನ್ನ ಸಹೋದ್ಯೋಗಿಗೆ ಮೈಲೇಜು ಮುಖ್ಯ. ಇನ್ನೊಬ್ಬರಿಗೆ ಎಲೆಕ್ಟ್ರಿಕ್ ಕಾರಿನ ಆಸೆ, ಆದರೆ ದಾರಿ ಮಧ್ಯೆ ಚಾರ್ಜ್ ಮುಗಿದರೆ ಅನ್ನೋ ಭಯ. ಎಲ್ಲವೂ ಒಪ್ಪುವಂಥ ಕಾರಣಗಳೇ. ಯಾವುದೂ ನಮ್ಮ ಭಾವನದಲ್ಲ.

ಭಾವ ಅಂದರೆ ಸಿದ್ದೇಗೌಡರು, ನಮ್ಮ ಸಾವಿತ್ರಕ್ಕನ ಗಂಡ. ಊರು ಯಲಿಯೂರು. ತೆಂಗು, ಕಬ್ಬು, ಜೊತೆಗೊಂದು ಮುದಿ ಪೆಟ್ರೋಲ್ ಕಾರು. ಮನುಷ್ಯ ಒಳ್ಳೆಯವರು. ಒಂದೇ ಒಂದು ರೋಗ, ಕಾರು ನಿಂತ ಜಾಗದಲ್ಲೆಲ್ಲ ಎಂಜಿನ್ ಆಫ್ ಮಾಡುವುದು. ಸಿಗ್ನಲ್ ಬಿತ್ತಾ? ಆಫ್. ಎಮ್ಮೆ ಅಡ್ಡ ಬಂತಾ? ಆಫ್. ಊರ ಹತ್ತಿರದ ರೈಲ್ವೆ ಗೇಟ್ ಬಿದ್ದರಂತೂ ಕೇಳಲೇಬೇಡಿ. ಇನ್ನೂ ಕಂಬಿ ಪೂರ್ತಿ ಇಳಿದಿರುವುದಿಲ್ಲ, ಕೀಲಿ ಇವರ ಕೈಯಲ್ಲಿರುತ್ತದೆ.

ಆಫ್ ಮಾಡಲಿ, ಯಾರು ಬೇಡ ಅಂದರು? ತೊಂದರೆ ಇರುವುದು ಮತ್ತೆ ಸ್ಟಾರ್ಟ್ ಮಾಡುವುದರಲ್ಲಿ. ಬ್ಯಾಟರಿ ಸತ್ತು ಯಾವ ಕಾಲವಾಗಿದೆಯೋ. ಗೇಟ್ ಎದ್ದ ತಕ್ಷಣ ಇವರು ಕೀಲಿ ತಿರುಗಿಸುತ್ತಾರೆ, ಅದು ಕರ್ ಕರ್ ಅಂತ ಕೆಮ್ಮಿ ಸುಮ್ಮನಾಗುತ್ತದೆ, ನಮ್ಮಕ್ಕ ಇಳಿದು ತಳ್ಳುತ್ತಾಳೆ. ವರ್ಷಗಟ್ಟಲೆಯಿಂದ ಇದೇ ಪದ್ಧತಿ. ಸ್ಟಿಯರಿಂಗ್ ಅವರದು, ತಳ್ಳುವುದು ಇವಳದು.

"ಬ್ಯಾಟರಿ ಬದಲಾಯಿಸಿ ಭಾವ" ಅಂತ ನಾನೂ ಹೇಳಿದ್ದುಂಟು.

"ಕಾರು ಚೆನ್ನಾಗದೆ ಬುಡ್ಲಾ. ಒಸಿ ತಳ್ಬೇಕು ಅಷ್ಟೇಯ."

ಆ 'ಒಸಿ' ಅನ್ನುವುದು ಎಷ್ಟು ಅಂತ ತಳ್ಳಿದವರಿಗೆ ಗೊತ್ತು.

ಕಳೆದ ವರ್ಷ ಮಳವಳ್ಳಿಯಲ್ಲಿ ಒಂದು ಬೀಗರೂಟ. ಅಕ್ಕ ಹೊಸ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಹೊರಟಿದ್ದಳು. ಗೇಟ್ ಬಿತ್ತು. ಭಾವ ಆಫ್ ಮಾಡಿದರು. ಗೇಟ್ ಎದ್ದಿತು, ಕಾರು ಏಳಲಿಲ್ಲ. ಹಿಂದೆ ಬಂದು ನಿಂತಿದ್ದ ಟೆಂಪೊದಲ್ಲಿ ಯಾರಿದ್ದರು ಹೇಳಿ? ಅದೇ ಊಟಕ್ಕೆ ಹೊರಟಿದ್ದ ಹೆಣ್ಣಿನ ಕಡೆಯವರು, ಒಂದು ಟೆಂಪೊ ಭರ್ತಿ. ಅವರೆಲ್ಲ ನೋಡುತ್ತಿದ್ದಂತೆ ನಮ್ಮಕ್ಕ ಸೆರಗು ಸಿಗಿಸಿಕೊಂಡು ಕಾರು ತಳ್ಳಿದಳು. ಊಟಕ್ಕೆ ಕೂತಾಗ ಆ ಬೀಗಿತ್ತಿಯರಲ್ಲೊಬ್ಬರು, "ಸುಸ್ತಾಗಿದ್ದೀಯೇನೋ, ಇನ್ನೊಂದು ಪೀಸಾಕುಸ್ಕೊ ಕಣವ್ವ" ಅಂದರಂತೆ.

ಅಕ್ಕ ಅವತ್ತು ಕೈ ತೊಳೆದುಕೊಂಡು ಎದ್ದವಳು ಭಾವನಿಗೆ ಒಂದೇ ಮಾತು ಹೇಳಿದಳು. "ಇನ್ನು ನಿಮ್ ಕಾರತ್ತುದ್ರೆ ಕೇಳಿ."

ಹತ್ತಲಿಲ್ಲ. ಅಲ್ಲಿಂದಾಚೆಗೆ ಎಲ್ಲಿಗೆ ಹೋದರೂ ಬಸ್ಸು. ಮದುವೆಗೆ ಇವರು ಕಾರಿನಲ್ಲಿ ಒಬ್ಬರೇ, ಅವಳು ಬಸ್ಸಿನಲ್ಲಿ. ನಮ್ಮ ಮನೆಗೂ ಹಾಗೇ. ಮೊದಲು ಅಕ್ಕ ಬಸ್ ಇಳಿದು ಬರುತ್ತಿದ್ದಳು, ಸ್ವಲ್ಪ ಹೊತ್ತಿಗೆ ಹಿಂದಿನಿಂದ ಭಾವನ ಕಾರು. "ಆಧಾರ್ ಕಾರ್ಡ್ ತೋರ್ಸುದ್ರೆ ಬಸ್ಸು ಪುಕ್ಕಟೆ ಕರ್ಕೊಂಡೋಯ್ತದೆ. ನಿಮ್ದು ಪೆಟ್ರೋಲ್ ಕುಡುದೂ ತಳ್ಳುಸ್ಕೋತದೆ" ಅಂತ ಎಲ್ಲರ ಮುಂದೆ ಅಂದುಬಿಡುತ್ತಿದ್ದಳು. ಭಾವ ನಗುತ್ತಿದ್ದರು. ನಗುವಿನಲ್ಲಿ ಜೀವ ಇರುತ್ತಿರಲಿಲ್ಲ. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಗಾಡಿ ಓಡಿಸುವುದು ಅವರಿಗೆ ಬಹಳ ಬೇಜಾರಾಗಿತ್ತು. ಬಾಯಿಬಿಟ್ಟು ಹೇಳಬೇಕಲ್ಲ? ಅದು ನಮ್ಮ ಕಡೆ ಗಂಡಸರ ಜಾಯಮಾನದಲ್ಲೇ ಇಲ್ಲ.

ಹೀಗಿರುವಾಗಲೇ ಒಂದು ಭಾನುವಾರ ಬಂದು, "ನಡೀಲಾ, ಕಾರು ನೋಡ್ಬೇಕು" ಅಂದರು. ನಾನು ಎಲೆಕ್ಟ್ರಿಕ್ ತಗೊಳ್ಳಿ ಅಂದೆ. "ನಮ್ಮೂರ್ ಕರೆಂಟ್ ನೆಚ್ಕೊಂಡಾ? ಸುಮ್ಕಿರ್ಲಾ" ಅಂದರು. ಹಾಗೆ ನಾವು ಶೋರೂಮಿಗೆ ಬಂದಿದ್ದು.

ಈಗ ಆ ಹುಡುಗಿಯ ವಿಷಯಕ್ಕೆ ಬರೋಣ. ಜಾಣೆ. ತಾಳ್ಮೆಯಿಂದ ಬಿಡಿಸಿ ಹೇಳಿದಳು. ಇದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿ ಮೋಟರೂ ಇದೆ. ಪ್ಲಗ್ ಹಾಕಿ ಚಾರ್ಜ್ ಮಾಡುವ ರಗಳೆ ಇಲ್ಲ, ಓಡುತ್ತಾ ಬ್ರೇಕ್ ಹಾಕುತ್ತಾ ತಾನೇ ಚಾರ್ಜ್ ಆಗುತ್ತದೆ. "ಗೇಟಲ್ಲಿ ನಿಂತ್ರೆ ಎಂಜಿನ್ ತಾನೇ ಆಫ್ ಆಗುತ್ತೆ ಸರ್. ಬ್ರೇಕ್ ಬಿಟ್ಟು ಸ್ವಲ್ಪ ಒತ್ತಿದ್ರೆ ಹಾಗೇ ಸದ್ದಿಲ್ಲದೆ ಹೋಗುತ್ತೆ."

ಭಾವ ಸುತ್ತ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಯಾರೂ ತಳ್ಳಂಗಿಲ್ವಾ?" ಅಂತ ಕೇಳಿದರು.

ಹುಡುಗಿ ಜೋಕ್ ಅಂದುಕೊಂಡು ನಕ್ಕಳು. ಭಾವ ನಗಲಿಲ್ಲ. ನನ್ನ ಕಡೆ ತಿರುಗಿ, "ಇದ್ನೇ ಮಾಡುಸ್ಬುಡು ಕಣ್ಲಾ" ಅಂದರು.

ಕಾರು ಬಂತು. ವೈದ್ಯನಾಥಪುರದ ದೇವಸ್ಥಾನದಲ್ಲಿ ಪೂಜೆ. ಅಕ್ಕ ಬಂದಳು, ಹೇಗೆ ಅಂತೀರಿ? ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ಆಟೊ! ಹೊಸ ಕಾರಿಗೆ ಕುಂಕುಮ ಇಟ್ಟಳು, ಹಾರ ಹಾಕಿದಳು. ಚಕ್ರದಡಿ ನಿಂಬೆಹಣ್ಣು ಪಚ್ಚೆಂದಾಗ ಕೈಯನ್ನೂ ಮುಗಿದಳು. ಹತ್ತುವ ಮಾತು ಬಂದಾಗ ಮಾತ್ರ ಆಟೊ ಕಡೆ ತಿರುಗಿದಳು. ನಾನು, ಅರ್ಚಕರು ಎಲ್ಲ ಸೇರಿ ಬಲವಂತ ಮಾಡಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ನಾನು ಹಿಂದೆ ಕೂತೆ. ಭಾವನ ಎಡಗಾಲು ದಾರಿಯುದ್ದಕ್ಕೂ ಇಲ್ಲದ ಕ್ಲಚ್ ಹುಡುಕುತ್ತಿತ್ತು.

ಯಲಿಯೂರು ಹತ್ತಿರ ಬಂತು. ಗೇಟ್ ಬಿದ್ದಿತ್ತು. (ಬೀಳದೆ ಇರುತ್ತದೆಯೇ?)

ಕಾರು ನಿಂತಿತು. ಎಂಜಿನ್ ತಾನಾಗಿಯೇ ಸುಮ್ಮನಾಯಿತು. ಭಾವ ಹೆಮ್ಮೆಯಿಂದ ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತಾ ಕೂತಿದ್ದರು. ರೈಲು ಹೋಯಿತು, ಗೇಟ್ ಏಳತೊಡಗಿತು. ಭಾವನ ಪಕ್ಕದಲ್ಲಿ ಟಕ್ ಅಂತ ಬೆಲ್ಟ್ ಬಿಚ್ಚಿದ ಸದ್ದು. ನೋಡಿದರೆ ಅಕ್ಕ ಬಾಗಿಲು ತೆಗೆದು ಇಳಿದಿದ್ದಾಳೆ. ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಹಿಂದಕ್ಕೆ ಹೋಗಿ, ಎರಡೂ ಕೈ ಡಿಕ್ಕಿಗೆ ಊರಿ ನಿಂತಿದ್ದಾಳೆ!

ಭಾವ ಕಿಟಕಿಯಿಂದ ತಲೆ ಆಚೆ ಹಾಕಿದರು. "ಅಮ್ಮೀ, ಬಾ, ಕಾರತ್ತು. ಅದೇ ಸ್ಟಾರ್ಟಾಯ್ತದೆ."

"ಆವಾಗ್ಲೂ ಇಂಗೇ ಏಳ್ತಿದ್ರಿ."

ಭಾವ ತಲೆ ಒಳಕ್ಕೆ ಎಳೆದುಕೊಂಡರು. ಹಿಂದಿನ ಗಾಡಿಗಳ ಹಾರ್ನು ಕಿವಿ ಕಿತ್ತುಹೋಗುವಂತೆ ಶುರುವಾಯಿತು. ಬೇರೆ ದಾರಿ ಕಾಣದೆ ಅವರು ಮೆಲ್ಲಗೆ ಒತ್ತಿದರು. ಕಾರು ಸದ್ದಿಲ್ಲದೆ ಮುಂದೆ ಜಾರಿತು. ನಾನು ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ, ಅಕ್ಕ ಎರಡೂ ಕೈ ಹಾಗೇ ಚಾಚಿಕೊಂಡು ನಿಂತೇ ಇದ್ದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಹಳಿ ದಾಟಿ ಭಾವ ಕಾರು ನಿಲ್ಲಿಸಿದರು. ತಾವೇ ಇಳಿದು ಆ ಕಡೆ ಬಂದು ಬಾಗಿಲು ತೆಗೆದು ನಿಂತರು. ಅಕ್ಕ ನಡೆದು ಬಂದಳು, ಕೂತಳು, ಸೆರಗು ಬಿಚ್ಚಿ ಸರಿಮಾಡಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ಇದ್ನ ಮೊದ್ಲೇ ತಂದಿದ್ರೆ ನನ್ ಮಂಡಿ ಉಳ್ಕೋತಿದ್ವು" ಅಂದಳು.

ಈಗ ದಾರಿಯಲ್ಲಿ ಸಿಕ್ಕವರೆಲ್ಲ ಅವರನ್ನು ಕೇಳುವುದು ಒಂದೇ, ಗೌಡ್ರೇ ಎಷ್ಟು ಮೈಲೇಜು ಕೊಡ್ತದೆ ಅಂತ. ಇಷ್ಟು ವರ್ಷ ಹಿಂದೆ ನಿಂತು ತಳ್ಳಿದ್ದು ಯಾರು ಅಂತ ಒಬ್ಬರಾದರೂ ಕೇಳಬಾರದೇ?