ಸಂತೆ ದಿನದ ಡಾಕ್ಟರು

ಶಾಸಕರ ಹತ್ತಿರ ಊರಿನ ಕೆಲಸ ಕೇಳಲು ಹೊರಟವರು ಮೊದಲು ನನ್ನನ್ನೊಮ್ಮೆ ಬಂದು ಕಾಣುವುದು ಒಳ್ಳೆಯದು. ಜಂಬಕ್ಕೆ ಹೇಳುತ್ತಿಲ್ಲ. ಬಾಳೂರು ಕಡೆಯ ತೋಟಗಳಲ್ಲಿ ಬೇರೆಯವರ ಮೂಟೆ ಹೊತ್ತು, ಆಮೇಲೆ ಬೇರೆಯವರ ತಕ್ಕಡಿ ಹಿಡಿದು, ಕೊನೆಗೆ ನನ್ನದೇ ಒಂದು ಕಾಫಿ ಗೋಡೌನು ಮಾಡಿಕೊಂಡವನು ನಾನು. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಒಂದು ಹಿಡಿ ಪಾರ್ಚ್‌ಮೆಂಟ್ ಕಾಫಿಯನ್ನು ಅಂಗೈಯಲ್ಲಿ ಉಜ್ಜಿ, "ಇನ್ನೂ ತೇವ ಇದೆಯಲ್ಲ ಧಣಿ" ಎಂದು ಮುಖ ಸಪ್ಪಗೆ ಮಾಡಿದರೆ ಎಂಥ ದೊಡ್ಡ ತೋಟದವರೂ ರೇಟಿನಲ್ಲಿ ಸ್ವಲ್ಪ ಇಳಿಯುತ್ತಾರೆ. ಅಂಥವನೇ ಶಾಸಕರ ಮುಂದೆ ಎಡವಿದೆ ಎಂದಮೇಲೆ ಉಳಿದವರು ಹುಷಾರಾಗಿರಬೇಕು.

ವಿಷಯ ನನ್ನ ಅಕ್ಕನದು. ಅಕ್ಕ ಒಂದು ದೊಡ್ಡ ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿ. ನಾನು ಎಷ್ಟು ಕರೆದರೂ ಅಲ್ಲಿ ಆಳುಗಳಿಗೆ ಕೊಟ್ಟ ಲೈನು ಮನೆ ಬಿಟ್ಟು ಬರುವವಳಲ್ಲ. ಅವಳಿಗೆ ಬಿ.ಪಿ. ಇದೆ. ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೆ ಅವಳು ಸಂಜೆ ಕೆಲಸ ಬಿಟ್ಟು ಬರುವಷ್ಟರಲ್ಲಿ ಆಸ್ಪತ್ರೆ ಮುಚ್ಚಿರುತ್ತದೆ. ತೋಟಕ್ಕೆ ರಜೆ ಭಾನುವಾರ, ಊರಿನ ಸಂತೆಯೂ ಅವತ್ತೇ. ಸುತ್ತಲಿನ ಎಸ್ಟೇಟುಗಳ ಜನರೆಲ್ಲ ಜೀಪುಗಳಲ್ಲಿ ಒತ್ತಿಕೊಂಡು ಊರಿಗೆ ಇಳಿಯುತ್ತಾರೆ. ಡಾಕ್ಟರಿಗೂ ಅವತ್ತೇ ರಜೆ. ಹಾಗಾಗಿ ಅಕ್ಕ ಮಾತ್ರೆ ಇದ್ದರೆ ನುಂಗುವುದು, ಇಲ್ಲದಿದ್ದರೆ ಸುಮ್ಮನಿರುವುದು.

ಕಾಫಿ ಕುಯ್ಲಿನ ಸಮಯದಲ್ಲಿ ಒಂದು ದಿನ ಇಳಿಜಾರಿನಲ್ಲಿ ತಲೆ ಸುತ್ತಿ ಕೂತವಳು ಏಳಲಿಲ್ಲ. ಹೆಂಗಸರು ಎತ್ತಿ ಜೀಪಿಗೆ ಹಾಕಿ ಮೂಡಿಗೆರೆಗೆ ಒಯ್ದರು. ಅಲ್ಲಿನ ಡಾಕ್ಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಹೀಗೇ ಮಾತ್ರೆ ತಪ್ಪಿಸಿದರೆ ಮುಂದಿನ ಸಲ ಲಕ್ವ ಹೊಡೆಯಬಹುದು ಎಂದರು. ನಾನು ಅವತ್ತೇ ಮೆಡಿಕಲ್ ಶಾಪಿನಿಂದ ಮಾತ್ರೆ ಕೊಂಡು ಕೊಟ್ಟೆ. ಅಕ್ಕ ಅದನ್ನು ತನ್ನ ಕೈಕೆಳಗಿನ ಹೆಂಗಸರಲ್ಲಿ ಬಿ.ಪಿ. ಇದ್ದವರಿಗೆಲ್ಲ ಚಕ್ಕುಲಿ ಹಂಚಿದ ಹಾಗೆ ಹಂಚಿಬಿಟ್ಟಳು.

"ಅದನ್ನ ಹಾಗೆಲ್ಲ ಕೊಡಬಾರದು ಅಕ್ಕ. ಒಬ್ಬೊಬ್ಬರಿಗೆ ಒಂದೊಂದು ಥರ ಮಾತ್ರೆ."

"ಮತ್ತೆ ನಾನೊಬ್ಳೇ ನುಂಗಿ, ಅವ್ರು ಬೀಳೋದನ್ನ ನೋಡ್ತಾ ಕೂರ್ಲಾ? ಅವ್ರಿಗೆಲ್ಲ ಸಿಗೋ ಹಾಗೆ ಮಾಡೋ. ಆಗ ನಾನೂ ತಗಳ್ತೀನಿ."

ಇವಳಿಗೊಬ್ಬಳಿಗೆ ಮಾತ್ರೆ ತಿನ್ನಿಸಬೇಕಾದರೂ ಇಡೀ ತೋಟದ ಸೀಮೆಗೆ ವ್ಯವಸ್ಥೆ ಆಗಬೇಕು ಎಂದು ನನಗೆ ಅರ್ಥವಾದದ್ದು ಆಗ.

ಶಾಸಕರ ಹತ್ತಿರ ಹೋದೆ. ನಮ್ಮ ವ್ಯಾಪಾರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೇಳಿ ಮೆಲ್ಲಗೆ ಇಳಿಯುವುದು ವಾಡಿಕೆ. ನನಗೆ ಬೇಕಾಗಿದ್ದದ್ದು ಭಾನುವಾರದ ಡಾಕ್ಟರು. ಕೇಳಿದ್ದು ದೊಡ್ಡ ಆಸ್ಪತ್ರೆ, ರಾತ್ರಿಗೂ ಡಾಕ್ಟರು, ಸ್ಕ್ಯಾನಿಂಗ್ ಮಷಿನು. ಅವರು ಕಷ್ಟ ಎನ್ನುತ್ತಾರೆ, ನಾನು ಒಂದೊಂದಾಗಿ ಬಿಡುತ್ತ ಬಂದು ಭಾನುವಾರಕ್ಕೆ ನಿಲ್ಲುತ್ತೇನೆ ಎಂಬುದು ನನ್ನ ಲೆಕ್ಕ. ಶಾಸಕರು, "ಆಯ್ತು, ಎಲ್ಲಾ ಮಾಡೋಣ" ಎಂದುಬಿಟ್ಟರು! ನನಗೆ ಶಾಲು ಹೊದಿಸಿದರು, ಫೋಟೋ ತೆಗೆಸಿದರು. ಇಳಿಯಲು ನನಗೆ ಮೆಟ್ಟಿಲೇ ಸಿಗಲಿಲ್ಲ.

ಹೇಳಿದ ಮೊದಲ ರೇಟಿಗೇ ಯಾರಾದರೂ ಒಪ್ಪಿದರೆ ಕಾಫಿ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ. ಎಲ್ಲೋ ಏನೋ ಸರಿಯಿಲ್ಲ ಎಂದೇ ಅರ್ಥ. ನಾನು ಮಾತ್ರ ಶಾಲು ಮಡಚಿಕೊಂಡು ಖುಷಿಯಾಗಿ ಮನೆಗೆ ಬಂದೆ. ಮಳೆಗಾಲ ಬಂತು, ಹೋಯಿತು. ಆಸ್ಪತ್ರೆಯ ಕಡೆ ಒಂದು ಕಲ್ಲೂ ಬೀಳಲಿಲ್ಲ.

ಎದುರು ಸಾಲಿನ ದಿನಸಿ ಅಂಗಡಿಯವನು ನನ್ನ ಹಳೆಯ ಸ್ನೇಹಿತ. ನನ್ನ ಕಾಲೆಳೆಯದೆ ಅವನಿಗೆ ಬೆಳಗಾಗುವುದಿಲ್ಲ. "ಏನ್ ಮಾರಾಯ, ನಿನ್ನ ದೊಡ್ಡಾಸ್ಪತ್ರೆ ಓಪನಿಂಗ್ ಯಾವಾಗ? ಊಟ ಹಾಕಿಸ್ತೀಯಾ?" ಎಂದ. ಆ ಮಾತು ಚುಚ್ಚಿತು. ಎರಡನೇ ಸಲಕ್ಕೆ ಸರಿಯಾಗಿ ತಯಾರಾಗಲು ಕೂತೆ.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ. ಮೇಲಿನವರನ್ನು ಕೇಳುವ ಮೊದಲು, ಕೆಲಸ ಯಾರ ತಲೆಯ ಮೇಲೆ ಬೀಳುತ್ತದೋ ಅವರನ್ನು ಕೇಳಬೇಕು. ನಮ್ಮ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಾರವಿಡೀ ಇಲ್ಲಿದ್ದು, ಶನಿವಾರ ಸಂಜೆ ಮಗಳನ್ನು ನೋಡಲು ಚಿಕ್ಕಮಗಳೂರಿಗೆ ಹೋಗುತ್ತಾರೆ. ಅವರ ಹತ್ತಿರವೂ ನಾನು ಹಳೇ ಚಾಳಿಯಲ್ಲೇ ಶುರು ಮಾಡಿದೆ.

"ಪ್ರತಿ ಭಾನುವಾರ ಬರಬೇಕು ಮೇಡಂ."

"ಆಗಲ್ಲ. ನನ್ನ ಮಗಳಿಗೂ ಭಾನುವಾರವೇ ರಜೆ."

ಅಷ್ಟೇ. ಬಾಗಿಲು ಹಾಕಿದ ಹಾಗಾಯಿತು. ನಾನು ಅಕ್ಕನ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ, ಮಾತ್ರೆ ಹಂಚಿದ್ದನ್ನೂ ಸೇರಿಸಿ. ಡಾಕ್ಟರು ಹಣೆ ಚಚ್ಚಿಕೊಂಡರು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು: "ಬಿ.ಪಿ., ಶುಗರ್ ಮಾತ್ರೆ ಒಂದು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡ್ತೀವಿ. ತಿಂಗಳಿಗೊಂದು ಭಾನುವಾರ ಸಾಕಲ್ವಾ? ಬದಲಿಗೆ ಸೋಮವಾರ ರಜೆ ಕೊಡ್ಲಿ. ಆದ್ರೆ ಮಾತ್ರೆ ಕೊಡೋರು, ರಕ್ತ ಪರೀಕ್ಷೆ ಮಾಡೋರು ಎಲ್ಲರೂ ಬರೋ ಹಾಗೆ ಆರ್ಡರ್ ಆಗ್ಬೇಕು. ನಾನೊಬ್ಬಳೇ ಸ್ಟೆತಸ್ಕೋಪ್ ಹಾಕ್ಕೊಂಡು ಕೂತ್ರೆ ಏನುಪಯೋಗ?"

ನನಗೆ ಹೊಳೆಯದೇ ಇದ್ದ ಮಾತು. ತಿಂಗಳಿಗೊಂದು ಸಂತೆ ದಿನ, ಇಡೀ ಆಸ್ಪತ್ರೆ, ಮಾರನೇ ದಿನ ರಜೆ. ಕೇಳಬೇಕಾದ್ದು ಇಷ್ಟೇ. ಇದಕ್ಕೆ ಒಂದು ಅಕ್ಷರ ಹೆಚ್ಚು ಸೇರಿಸುವುದಿಲ್ಲ ಎಂದು ತೀರ್ಮಾನಿಸಿದೆ.

ಆಮೇಲೆ ಗೋಡೌನಿನಲ್ಲಿ ರಿಹರ್ಸಲ್. ದಿನಸಿ ಅಂಗಡಿಯವನನ್ನು ಕಾಫಿ ಮೂಟೆಯ ಮೇಲೆ ಕೂರಿಸಿ ಶಾಸಕರನ್ನಾಗಿ ಮಾಡಿದೆ. ಹೆಗಲಿಗೆ ಟವೆಲು ಬಿದ್ದದ್ದೇ ತಡ ಅವನ ಗತ್ತೇ ಬೇರೆಯಾಯಿತು. ನಾನು ಬಾಯಿ ತೆರೆದರೆ ಮೊಬೈಲು ನೋಡುತ್ತಾನೆ, ಗೋಡೆಗೆ ಕೈ ಮುಗಿಯುತ್ತಾನೆ, ಇಲ್ಲದ ಜನರಿಗೆ "ಬನ್ನಿ ಬನ್ನಿ" ಎನ್ನುತ್ತಾನೆ.

"ಮುಗೀತೇನ್ರಿ?" ಎಂದ ಕೊನೆಗೆ. "ನೀವು ಮೂಟೆ ಹೊತ್ತ ಕತೆಗೆ ಬಂದಿದ್ದೀರಿ. ಆಸ್ಪತ್ರೆ ಇನ್ನೂ ಬಂದಿಲ್ಲ."

ಬೈದುಕೊಂಡೇ ಮಾತನ್ನು ಕತ್ತರಿಸಿದೆ. ಮತ್ತೊಮ್ಮೆ ಕತ್ತರಿಸಿದೆ. ಅವನ ಫೋನು ಒಂದು ಸಲ ರಿಂಗಾಗುವುದರೊಳಗೆ ವಿಷಯ ಮುಗಿಯುವ ಹಾಗಾಯಿತು. ಅಕ್ಕನನ್ನೂ ಕರೆತಂದಿದ್ದೆ. "ಅಂಥೋರ ಮುಂದೆ ನಂದೆಂತ ಕೆಲ್ಸ, ನಾನೊಲ್ಲೆ" ಎಂದು ಮೂಲೆಯಲ್ಲಿ ಕೂತಿದ್ದಳು. ಇವನು ಅವಳ ಕಡೆ ತಿರುಗಿ, "ಏನಮ್ಮ ನಿನ್ನ ಸಮಸ್ಯೆ?" ಎಂದ, ಮೊಬೈಲು ನೋಡುತ್ತಲೇ.

"ಮೊದ್ಲು ಅದನ್ನ ಕೆಳಗಿಡಿ. ಮುಖ ನೋಡಿ ಮಾತಾಡಿ" ಎಂದಳು ಅಕ್ಕ, ತೋಟದಲ್ಲಿ ಆಳುಗಳನ್ನು ಗದರುವ ದನಿಯಲ್ಲಿ. ಅವನು ತಟ್ಟನೆ ಕೆಳಗಿಟ್ಟ. ಅವಳನ್ನು ಬಿಟ್ಟು ಹೋಗುವುದೇ ಇಲ್ಲ ಎಂದುಕೊಂಡೆ.

ಶಾಸಕರ ಮನೆಗೆ ಬೆಳಿಗ್ಗೆಯೇ ಹೋದೆವು. ನನ್ನನ್ನು ಕಂಡವರೇ, "ಓ, ದೊಡ್ಡ ಆಸ್ಪತ್ರೆ ತಾನೇ? ಫೈಲು ಓಡ್ತಾ ಇದೆ" ಎಂದರು.

"ಅದು ಓಡ್ತಾ ಇರ್ಲಿ ಸಾರ್. ಇವತ್ತಿಂದು ಸಣ್ಣದು" ಎಂದು ಕತ್ತರಿಸಿಟ್ಟ ಮಾತನ್ನಷ್ಟೇ ಹೇಳಿ ಮುಗಿಸಿದೆ.

ಅವರು ಗಲ್ಲ ಕೆರೆದುಕೊಂಡರು. "ಇದು ಕಷ್ಟ ಕಣ್ರೀ. ನಿಮಗೆ ಕೊಟ್ರೆ ನಾಳೆ ಕಳಸದ ಕಡೆಯವ್ರು ಬರ್ತಾರೆ. ಸುತ್ತಲಿನ ಎಲ್ಲಾ ಊರಿನವ್ರು ಬರ್ತಾರೆ."

ಕಷ್ಟ ಎಂಬ ಮಾತು ಕೇಳಿ ನನ್ನ ಜೀವಕ್ಕೆ ತಂಪಾಯಿತು. ನಿಜವಾದ ವ್ಯಾಪಾರ ಶುರುವಾಗುವುದೇ ಅಲ್ಲಿಂದ. "ಬರ್ಲಿ ಸಾರ್. ತೋಟದ ಸೀಮೆಗೆಲ್ಲ ಸಂತೆ ದಿನದ ಆಸ್ಪತ್ರೆ ಬೇಕು ಅಂತ ನೀವೇ ಸದನದಲ್ಲಿ ಎತ್ತಿ. ಮೊದಲು ನಮ್ಮೂರಲ್ಲಿ ನಡೆಸಿ ನೋಡಿ."

ಅವರು ಅಕ್ಕನ ಕಡೆ ನೋಡಿದರು. "ಬೇರೆ ದಿನ ಒಂದು ರಜೆ ಹಾಕಿ ಬರೋಕೆ ಆಗಲ್ವೇನಮ್ಮ?"

"ಬಂದಿದ್ದೆ ಸಾರ್, ಬಿದ್ದ ದಿನ. ಮಾತ್ರೆಗೋಸ್ಕರ ಪ್ರತಿ ಸಲ ಬೀಳೋಕೆ ಆಗ್ತದಾ?"

ಶಾಸಕರು ನಕ್ಕರು. ಒಂದು ತಿಂಗಳು ನೋಡೋಣ ಎಂದರು. ಕುಯ್ಲು ಮುಗಿಯುವ ತನಕ ಎಂದೆ ನಾನು. ಸ್ವಲ್ಪ ಎಳೆದಾಡಿ ಕುಯ್ಲಿನ ತನಕ ಎಂದಾಯಿತು. ನಮ್ಮೆದುರೇ ಆರೋಗ್ಯ ಇಲಾಖೆಯ ಅಧಿಕಾರಿಗೆ ಫೋನು ಹೋಯಿತು. ಅದು ಆಗುವ ತನಕ ಕುರ್ಚಿ ಬಿಟ್ಟು ಏಳಬಾರದು, ನೆನಪಿರಲಿ.

ಆರ್ಡರ್ ಬರಲು ಸ್ವಲ್ಪ ಓಡಾಟವಾಯಿತು. ಬಂತು. ಮೊದಲ ಭಾನುವಾರ ಸಂತೆ ಚೀಲಗಳ ಸಾಲು ಆಸ್ಪತ್ರೆಯ ಗೇಟಿನಿಂದ ಆಚೆಗೂ ಬೆಳೆದಿತ್ತು. ಅಕ್ಕ ತನ್ನ ಹೆಂಗಸರನ್ನೆಲ್ಲ ಮುಂದೆ ಬಿಟ್ಟು ಕೊನೆಗೆ ಒಳಗೆ ಹೋದಳು. ಬಿ.ಪಿ. ಜಾಸ್ತಿ ಇತ್ತು. ಇಳಿಯುವ ತನಕ ಬೆಂಚಿನ ಮೇಲೆ ಕೂರಿ, ಮತ್ತೆ ನೋಡುತ್ತೇನೆ ಎಂದರು ಡಾಕ್ಟರು. ಹೊರಗೆ ಜೀಪಿನವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ.

"ಎಷ್ಟಕ್ಕೆ ಇಳೀಬೇಕು ಹೇಳಿ ಡಾಕ್ಟ್ರೇ. ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಬಿಟ್ಕೊಡಿ, ಜೀಪು ಹೋಗ್ತದೆ" ಎಂದಳು ಅಕ್ಕ.

"ಹೋಗ್ಲಿ. ನೀವು ಕೂರಿ."

ಅಕ್ಕ ನನ್ನ ಮುಖ ನೋಡಿದಳು, ನೀನಾದರೂ ಮಾತಾಡು ಎನ್ನುವ ಹಾಗೆ. ನಾನು ತುಟಿ ಬಿಚ್ಚಲಿಲ್ಲ. ಜೀಪು ಹೋಯಿತು. ಸೊಪ್ಪಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು ಬೆಂಚಿನ ಮೇಲೆ ಸಿಡಿಮಿಡಿಗೊಳ್ಳುತ್ತ ಕೂತಳು. ಎರಡನೇ ಸಲ ನೋಡಿದಾಗ ಸ್ವಲ್ಪ ಇಳಿದಿತ್ತು.