ಚುನ್ಯೋ ಪರೀಕ್ಷೆಯಲ್ಲಿ ಮೂರು ಬೊಗಸೆ ಕೊಸರು

ಫ್ಲೋರಿಯಾನಾ ಕಲಿಸಾಯ ಟೀಚರ್ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ನಮ್ಮೂರು ನೋಡಿದ್ದು ಒಂದೇ ಒಂದು ಸಲ. ಆ ಕಥೆ ಹೇಳಲು ನನಗಿಂತ ಹಕ್ಕಿರುವವರು ಬೇರೆ ಯಾರೂ ಇಲ್ಲ, ಏಕೆಂದರೆ ಆವತ್ತಿನ ಗಡಿಬಿಡಿಗೆಲ್ಲ ಕಾರಣ ನನ್ನ ಮಗಳು ನಿಯೆವೆಸ್.

ಟೀಚರ್ ನಮ್ಮೂರಿನವರೇ, ಕುರಿ ಕಾಯುವವರ ಮಗಳು. ದೂರದ ಲಾ ಪಾಸ್ ನಗರದಲ್ಲಿ ಓದಿ, ಅಲ್ಲೇ ಸಿಕ್ಕಿದ ಕೆಲಸ ಬಿಟ್ಟು, ಈ ಗಾಳಿ ಹೊಡೆಯುವ ಬಯಲಿಗೆ ವಾಪಸು ಬಂದರು. ಆಗ ಇಲ್ಲಿ ಇದ್ದದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಮನೆಮನೆ ಸುತ್ತಿ, ಸೋಮಾರಿ ಗಂಡಸರನ್ನು ಬೈದು ಎಬ್ಬಿಸಿ, ಮಣ್ಣಿನ ಇಟ್ಟಿಗೆ ಹೊಡೆಸಿ, ಕೋಣೆ ಕಟ್ಟಿಸಿ, ಶಾಲೆಯನ್ನು ಆರನೇ ಕ್ಲಾಸಿನವರೆಗೆ ತಂದರು. ಅವರಿಗೆ ಸಿಟ್ಟು ಬಂದರೆ ದನಿ ಊರ ಪಕ್ಕದ ಸರೋವರದ ಆಚೆ ದಡಕ್ಕೂ ಕೇಳಿಸುತ್ತದೆ ಎಂದು ನಾವು ಆಡಿಕೊಂಡು ನಗುತ್ತೇವೆ. ಅವರೆದುರಲ್ಲಿ ಅಲ್ಲ.

ಅಂಥ ಶಾಲೆಗೆ ಕುತ್ತು ಬಂತು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಐದನೇ ಕ್ಲಾಸಿನ ಮಕ್ಕಳು ಗಣಿತ, ವಿಜ್ಞಾನ ಎರಡರಲ್ಲೂ ಮಣ್ಣು ಮುಕ್ಕಿದ್ದರು. ಪ್ರಶ್ನೆಗಳೋ, ಈಜುಕೊಳಕ್ಕೆ ಎರಡು ನಲ್ಲಿ ಬಿಟ್ಟರೆ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ. ನೀರು ಕುಡಿಯುವ ಮೊದಲು ಮೇಲಿನ ಮಂಜುಗಡ್ಡೆ ಒಡೆಯಬೇಕಾದ ಊರಿನಲ್ಲಿ ಈಜುಕೊಳ ಕಂಡವರು ಯಾರು? ಈ ಸಲವೂ ಹಾಗೇ ಆದರೆ ಐದು ಮತ್ತು ಆರನೇ ಕ್ಲಾಸನ್ನು ಪೇಟೆಯ ಶಾಲೆಗೆ ಸೇರಿಸುವುದಾಗಿ ಮೇಲಿನಿಂದ ಹೇಳಿದರು. ಪೇಟೆ ದಿನಾ ನಡೆದು ಹೋಗಿಬರುವಷ್ಟು ಹತ್ತಿರವಿಲ್ಲ. ಹುಡುಗರನ್ನಾದರೆ ಯಾರದೋ ಮನೆಯಲ್ಲಿ ಬಿಡುತ್ತಾರೆ. ಹುಡುಗಿಯರ ಓದು ಅಲ್ಲಿಗೆ ನಿಂತಂತೆಯೇ. ನನ್ನದು ನಿಂತದ್ದೂ ಹಾಗೇ, ಅದರ ಉರಿ ಇನ್ನೂ ಆರಿಲ್ಲ.

ಟೀಚರ್ ನೇರ ಶಾಲಾ ಇನ್ಸ್‌ಪೆಕ್ಟರ್ ಅರಾನಿಬಾರ್ ಅವರ ಮುಂದೆ ಹೋಗಿ ಕೂತರು.

"ಈ ಸಲ ಕಾಗದದ ಮೇಲೆ ಬೇಡ ಸಾರ್. ಮಕ್ಕಳು ಕೈಯಾರೆ ಮಾಡಿ ತೋರಿಸ್ತಾರೆ. ನೀವೇ ಬಂದು ಕೇಳಿ."

"ಏನು ಮಾಡಿ ತೋರಿಸ್ತಾರೆ?"

"ಚುನ್ಯೋ."

ಇನ್ಸ್‌ಪೆಕ್ಟರ್ ಹಿಮದಲ್ಲಿಟ್ಟು ಒಣಗಿಸಿದ ಆಲೂಗಡ್ಡೆಯ ಹೆಸರು ಕೇಳಿ ನಕ್ಕರಂತೆ. "ನಮ್ಮಜ್ಜಿನೂ ಮಾಡೋಳು. ಆಯ್ತು, ಒಂದೇ ಸಲ ನೋಡೋಣ. ಆದ್ರೆ ನಾನು ಕೇಳೋವಾಗ ನೀವು ಉಸಿರೆತ್ತಕೂಡದು. ತುಟಿ ಅಲ್ಲಾಡಿಸಿದ್ರೂ ಪರೀಕ್ಷೆ ಅಲ್ಲಿಗೇ ಮುಗೀತು."

ನಮ್ಮಲ್ಲಿ ಚಳಿಗಾಲ ತರುವ ಜೂನ್ ಬಂತು, ಹಿಮ ಬಿತ್ತು. ನಿಯೆವೆಸ್ ಇದ್ದ ಐದನೇ ಕ್ಲಾಸಿನ ಮಕ್ಕಳು ಮೊದಲು ಒಂದು ಕಿಲೋ ಆಲೂಗಡ್ಡೆಯಲ್ಲಿ ಮಾಡಿ ನೋಡಿದರು. ರಾತ್ರಿ ಹೊರಗೆ ಹರವಿ ಹೆಪ್ಪುಗಟ್ಟಿಸಿ, ಬೆಳಗ್ಗೆ ಬರಿಗಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಲ್ಲಿ ಒಣಗಿಸಿದರೆ ಕೊನೆಗೆ ಉಳಿದದ್ದು ಇನ್ನೂರು ಗ್ರಾಂ ಚುನ್ಯೋ. ಐದರಲ್ಲಿ ಒಂದು ಪಾಲು. ಮಿಕ್ಕದ್ದೆಲ್ಲ ನೀರು. ಆಮೇಲೆ ಮೂರು ಗುಂಪಾಗಿ, ಗುಂಪಿಗೆ ಹತ್ತು ಕಿಲೋ ತೂಗಿಕೊಂಡು, ಎರಡೆರಡು ಕಿಲೋ ಚುನ್ಯೋ ಬರುತ್ತದೆ ಎಂದು ಗೋಡೆಯ ಮೇಲೆ ಬರೆದರು. ಬಂದ ತೂಕ ಬರೆದದ್ದಕ್ಕೆ ಹೊಂದಬೇಕು. ಹೊಂದದಿದ್ದರೆ ಏಕೆಂದು ಹೇಳಬೇಕು. ಅದೇ ಪರೀಕ್ಷೆ.

ಇನ್ಸ್‌ಪೆಕ್ಟರ್ ಬಂದ ದಿನ ನಾವೆಲ್ಲ ತಾಯಂದಿರು ಕಿಟಕಿಗೆ ಜೋತುಬಿದ್ದಿದ್ದೆವು. ಅವರು ತಾವೇ ತೂಗಿದರು. ಮೊದಲನೇ ಗುಂಪಿನದು ಎರಡು ಕಿಲೋ. ಎರಡನೆಯದೂ ಅಷ್ಟೇ. ನನ್ನ ಮಗಳ ಗುಂಪಿನದು ಎರಡು ಕಿಲೋ ಮುನ್ನೂರು ಗ್ರಾಂ.

ಇನ್ಸ್‌ಪೆಕ್ಟರ್ ಮುಖ ಗಂಟಿಕ್ಕಿದರು. "ಮನೆಯಿಂದ ತಂದು ಸೇರಿಸಿದ್ರಾ? ಮೋಸ ಮಾಡಿದ್ರೆ ನಾನು ಈಗಲೇ ಎದ್ದು ಹೋಗ್ತೀನಿ."

ಮೂಲೆಯಲ್ಲಿ ಕೂತಿದ್ದ ಟೀಚರ್ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡರು. ಅಷ್ಟು ಮಾಡದಿದ್ದರೆ ಅವರಿಗೆ ತಡೆಯಲು ಆಗುತ್ತಿರಲಿಲ್ಲ.

ನಿಯೆವೆಸ್ ಗುಂಪಿನ ಎಲ್ಮೆರ್ ಎದ್ದು ನಿಂತ. "ಸರಿಯಾಗಿ ಒಣಗಿರಲಿಕ್ಕಿಲ್ಲ ಸಾರ್. ಒಳಗೆ ನೀರು ಉಳಿದಿದ್ರೆ ತೂಕ ಜಾಸ್ತಿ ಬರುತ್ತೆ. ನೋಡೇಬಿಡೋಣ."

ಮೊದಲನೇ ಗುಂಪಿನದು ಒಂದಿಷ್ಟು, ತಮ್ಮದು ಅಷ್ಟೇ ತೂಗಿ, ಒಲೆಯ ಮೇಲಿನ ಹಂಚಿನಲ್ಲಿ ಬಿಸಿ ಮಾಡಿ ಮತ್ತೆ ತೂಗಿದರು. ಎರಡೂ ಒಂದೇ ಸಮ ಇಳಿದವು. ನೀರಿನ ಮೇಲಿನ ಅನುಮಾನ ಹೋಯಿತು.

ಆಗ ನಿಯೆವೆಸ್ ಹಲಗೆಯ ಬಳಿ ಹೋದಳು. "ಮುನ್ನೂರು ಗ್ರಾಂ ಹೆಚ್ಚು. ಐದರಿಂದ ಗುಣಿಸಿದ್ರೆ ಒಂದೂವರೆ ಕಿಲೋ. ಅಂದ್ರೆ ಮೊದಲೇ ನಮ್ಮಲ್ಲಿ ಒಂದೂವರೆ ಕಿಲೋ ಆಲೂಗಡ್ಡೆ ಜಾಸ್ತಿ ಇತ್ತು ಸಾರ್."

"ಅದು ಎಲ್ಲಿಂದ ಬಂತು?"

ಹುಡುಗಿ ಸೀಮೆಸುಣ್ಣ ಕೆಳಗಿಟ್ಟಳು. ಆಮೇಲೆ ಕಿವಿಯವರೆಗೂ ಕೆಂಪಾದಳು. "ಕೊಸರು, ಸಾರ್."

"ಏನು?"

"ಹತ್ತು ಕಿಲೋ ತೂಗಿದೆ. ಆಮೇಲೆ ಮೂರು ಬೊಗಸೆ ಕೊಸರು ಹಾಕಿದೆ. ಸಂತೇಲಿ ಅಮ್ಮನ ಜೊತೆ ಆಲೂಗಡ್ಡೆ ಮಾರೋವಾಗ ಹಾಗೇ ಹಾಕೋದು. ತೂಗಿದಷ್ಟೇ ಹಾಕಿದ್ರೆ ಜಿಪುಣರು ಅಂತಾರಲ್ಲ."

ಕಿಟಕಿಯಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿ ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದವಳಂತೂ, "ನಿನ್ನ ಮಗಳೇ ಕಣೆ, ಬೇರೆ ಸಾಕ್ಷಿ ಬೇಡ" ಎಂದಳು. ಅವಳು ನನ್ನಲ್ಲಿ ಕೊಸರಿಗಾಗಿ ಜಗಳಾಡುವವಳು, ಅವಳಿಗೇನು ಗೊತ್ತಿಲ್ಲವೇ.

"ಕೊಸರು ಕೊಟ್ಟಿದ್ದು ಯಾರಿಗಮ್ಮಾ, ಹಿಮಕ್ಕಾ?" ಎಂದರು ಇನ್ಸ್‌ಪೆಕ್ಟರ್. ಆದರೂ ಬಿಡಲಿಲ್ಲ. "ಮಾತು ಸಾಲದು, ತೋರಿಸು."

ಅವಳು ಉಳಿದಿದ್ದ ಹಸಿ ಆಲೂಗಡ್ಡೆಯ ಬುಟ್ಟಿಯಿಂದ ಮೂರು ಬೊಗಸೆ ತೆಗೆದು ತಕ್ಕಡಿಗೆ ಹಾಕಿದಳು. ಒಂದು ಕಿಲೋ ನಾನೂರ ಅರವತ್ತು ಗ್ರಾಂ.

"ನಲವತ್ತು ಗ್ರಾಂ ಕಮ್ಮಿ ಬಂತಲ್ಲ?"

"ಆಲೂಗಡ್ಡೆ ಎಲ್ಲಾ ಒಂದೇ ಗಾತ್ರ ಇರಲ್ವಲ್ಲ ಸಾರ್," ಎಂದ ಎಲ್ಮೆರ್. "ಸರಿಯಾಗಿ ಒಂದೂವರೆನೇ ಬಂದಿದ್ರೆ ನನಗೇ ಅನುಮಾನ ಬರ್ತಿತ್ತು."

ಇನ್ಸ್‌ಪೆಕ್ಟರ್ ತಕ್ಕಡಿಯಿಂದ ತಲೆಯೆತ್ತಿದರು. "ಮಾಡಿದ ತಪ್ಪನ್ನೇ ಹುಡುಕಿ ತೂಗಿಬಿಟ್ರಿ. ಪೇಟೆ ಶಾಲೇಲಿ ಇಂಥ ಉತ್ತರ ನಾನು ಕೇಳಿಲ್ಲ. ಈ ಕ್ಲಾಸುಗಳು ಎಲ್ಲೂ ಹೋಗಲ್ಲ, ಇಲ್ಲೇ ಇರುತ್ವೆ. ಟೀಚರ್, ಇನ್ನು ಮಾತಾಡಿ."

ಟೀಚರಿಗೆ ಮಾತೇ ಬರಲಿಲ್ಲ, ಅಳು ಬಂತು. ನಾವು ಒಳಗೆ ನುಗ್ಗಿ, ನಮ್ಮಲ್ಲಿ ಗೆದ್ದವರಿಗೆ ಮಾಡುವಂತೆ, ಅವರ ತಲೆಗೂ ಮಕ್ಕಳ ತಲೆಗೂ ಬಣ್ಣದ ಕಾಗದದ ಚೂರು ಸುರಿದೆವು, ಇನ್ಸ್‌ಪೆಕ್ಟರನ್ನೂ ಬಿಡಲಿಲ್ಲ. ನನಗೆ ನನ್ನ ಮಗಳ ಮೇಲೆ ಬಂದಷ್ಟು ಹೆಮ್ಮೆ ಯಾವತ್ತೂ ಯಾರ ಮೇಲೂ ಬಂದದ್ದಿಲ್ಲ.

ಅಷ್ಟು ಗದ್ದಲದಲ್ಲೂ ಟೀಚರ್ ಕಣ್ಣೊರೆಸಿಕೊಂಡು ಅಂಕ ಹಾಕಲು ಕೂತರು. ಲೆಕ್ಕಕ್ಕೆ ನಿಯೆವೆಸ್‌ಗೆ ಪೂರ್ತಿ. ಕಾರಣಕ್ಕೆ ಪೂರ್ತಿ. ತೂಕಕ್ಕೆ ಎರಡು ಅಂಕ ಕಡಿತ.

ನನಗೆ ರೇಗಿತು. "ಶಾಲೆ ಉಳಿಸಿದ ಹುಡುಗಿ ಟೀಚರ್, ಅವಳಿಗೇ ಕಡಿತಾನಾ?"

"ತೂಗಿದ್ದು ತಪ್ಪೇ ಅಲ್ವಾ, ನೀವು ಸುಮ್ನಿರಿ," ಎಂದು ನನ್ನ ಬಾಯಿ ಮುಚ್ಚಿಸಿ, ಅವರು ಅವಳ ಕೂದಲಿನಿಂದ ಕಾಗದದ ಚೂರೊಂದನ್ನು ತೆಗೆದರು. "ಮುಂದಿನ ವರ್ಷ ಸರಿಯಾಗಿ ತೂಗು ಮಗಳೇ. ಆರನೇ ಕ್ಲಾಸು ಇಲ್ಲೇ ಇರುತ್ತಲ್ಲ."